ಅಕ್ಕ ಹೊತ್ತು ಹೆತ್ತ ಮಗು ಕಾನೂನಿನಲ್ಲಿ ಯಾರದ್ದು?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ನನಗೆ 31 ವರ್ಷ. ಮೊದಲ ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದೆ ಗರ್ಭಕೋಶ ತೆಗೆಯಬೇಕಾಯಿತು, ಮಗುವೂ ಉಳಿಯಲಿಲ್ಲ. ಕುಮಟೆಯಲ್ಲಿರುವ ಅಕ್ಕ ತಾನೇ ಹೊತ್ತು ಕೊಡುತ್ತೇನೆ ಎನ್ನುತ್ತಿದ್ದಾಳೆ. ಅವಳಿಗೆ 34, ಇಬ್ಬರು ಮಕ್ಕಳಿದ್ದಾರೆ. ಹುಟ್ಟುವ ಮಗು ಯಾರದ್ದಾಗುತ್ತದೆ? ಮುಂದೆ ಯಾರಾದರೂ ತಕರಾರು ತೆಗೆದರೆ?

ಉತ್ತರ: ಮಗು ನಿಮ್ಮದೇ. ಆದರೆ ಅಕ್ಕನ ಹೊಟ್ಟೆಗೆ ಭ್ರೂಣ ಸೇರುವ ಮೊದಲು ಕಾಗದಪತ್ರವೆಲ್ಲ ಮುಗಿದಿರಬೇಕು. ತಕರಾರು ಹುಟ್ಟುವುದು ಸಾಮಾನ್ಯವಾಗಿ ಈ ಕ್ರಮ ತಪ್ಪಿದಲ್ಲೇ.

ಮೊದಲು ದೇಹದ ಮಾತು. ಗರ್ಭಕೋಶ ತೆಗೆದರೂ ಅಂಡಾಶಯ ಉಳಿಸಿದ್ದರೆ ನಿಮ್ಮಲ್ಲಿ ಅಂಡಾಣು ಬೆಳೆಯುತ್ತಲೇ ಇರುತ್ತದೆ. ಆಗಿನ ಆಪರೇಷನ್ ನೋಟ್ಸ್ ಹುಡುಕಿ, ಅಂಡಾಶಯದ ಬಗ್ಗೆ ಏನು ಬರೆದಿದೆ ನೋಡಿ. ನಿಮ್ಮ ಅಂಡಾಣು, ನಿಮ್ಮ ಯಜಮಾನರ ವೀರ್ಯಾಣು ಸೇರಿಸಿ ಲ್ಯಾಬಿನಲ್ಲಿ ಭ್ರೂಣ ಮಾಡುತ್ತಾರೆ. ಅಕ್ಕನ ಅಂಡಾಣು ಬಳಸುವುದಕ್ಕೆ ಕಾನೂನು ಬಿಡುವುದಿಲ್ಲ. ಹೊತ್ತವಳ ರಕ್ತವೇ ಮಗುವಿಗೆ ಹರಿಯುತ್ತದಲ್ಲ ಎಂದು ಮನೆಯ ಹಿರಿಯರು ಕೇಳಬಹುದು. ಮಾಸಿನಲ್ಲಿ ಇಬ್ಬರ ರಕ್ತವೂ ಬೇರೆ ಬೇರೆಯಾಗಿಯೇ ಹರಿಯುತ್ತದೆ. ಆಮ್ಲಜನಕ, ಪೋಷಕಾಂಶದಂಥವು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಮಗುವಿನ ರಕ್ತದ ಗುಂಪು ನಿರ್ಧಾರವಾಗುವುದು ನಿಮ್ಮಿಬ್ಬರಿಂದ. ಹಾಗೆಂದು ಅಕ್ಕನ ಪಾತ್ರ ಸಣ್ಣದಲ್ಲ: ಅವಳ ಸಕ್ಕರೆ, ಬಿಪಿ, ಹಿಮೋಗ್ಲೋಬಿನ್ ಮಗುವಿನ ಬೆಳವಣಿಗೆಯನ್ನು ನೇರವಾಗಿ ತಟ್ಟುತ್ತವೆ.

ಇನ್ನು ಕಾನೂನು. ಹೀಗೆ ಬೇರೆ ದಂಪತಿಗಾಗಿ ಮಗು ಹೊತ್ತು ಹೆರುವುದಕ್ಕೆ ಸರೊಗಸಿ ಎನ್ನುತ್ತಾರೆ. ಸರೊಗಸಿ ನಿಯಂತ್ರಣ ಕಾಯ್ದೆ 2021ರದ್ದು, 2022ರ ಜನವರಿ 25ರಿಂದ ಜಾರಿಯಲ್ಲಿದೆ. ಪತ್ನಿಗೆ 23ರಿಂದ 50, ಪತಿಗೆ 26ರಿಂದ 55 ವರ್ಷ ಇರಬೇಕು. ಬದುಕಿರುವ ಮಗು ಇರಬಾರದು; ಇರುವ ಮಗುವಿಗೆ ಅಂಗವೈಕಲ್ಯವೋ ಬುದ್ಧಿಮಾಂದ್ಯವೋ ಮಾರಣಾಂತಿಕ ಕಾಯಿಲೆಯೋ ಇದ್ದರೆ ಮಾತ್ರ ವಿನಾಯಿತಿ. ಹೊರುವವಳು ಮದುವೆಯಾಗಿ ಸ್ವಂತ ಮಗು ಹೆತ್ತವಳಾಗಿರಬೇಕು, ಭ್ರೂಣ ಹಾಕುವ ದಿನ ಅವಳ ವಯಸ್ಸು 25ರಿಂದ 35ರ ಒಳಗಿರಬೇಕು. ಜೀವಮಾನದಲ್ಲಿ ಒಮ್ಮೆ ಮಾತ್ರ ಹೀಗೆ ಹೊರಬಹುದು, ಪ್ರಯತ್ನ ಮೂರಕ್ಕಿಂತ ಹೆಚ್ಚಿಲ್ಲ. ವೈದ್ಯಕೀಯ ಖರ್ಚು, ವಿಮೆ, ನಿಯಮದಲ್ಲಿ ಹೇಳಿದ ಇತರ ವೆಚ್ಚ ಬಿಟ್ಟು ಹಣವಾಗಲಿ ಉಡುಗೊರೆಯಾಗಲಿ ಕೊಡುವಂತಿಲ್ಲ. ಹಣದ ವ್ಯವಹಾರಕ್ಕೆ ಇಳಿದ ದಂಪತಿಗೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ.

ನಿಮ್ಮ ವಿಷಯದಲ್ಲಿ ನಮಗೆ ಕಾಣುವ ದೊಡ್ಡ ಆತಂಕ ಅಕ್ಕನ ವಯಸ್ಸು. 34 ಅಂದರೆ ಕೈಯಲ್ಲಿ ತಿಂಗಳುಗಳಷ್ಟೇ ಉಳಿದಿವೆ. ಅವಳಿಗೆ 35 ತುಂಬುವ ಮೊದಲೇ ಭ್ರೂಣ ಹಾಕಿಸುವ ಲೆಕ್ಕ ಇಟ್ಟುಕೊಂಡು ಇಂದೇ ಹೊರಡಿ.

ಮೊದಲ ಹೆಜ್ಜೆ, ಈ ಕಾಯ್ದೆಯಡಿ ನೋಂದಣಿಯಾದ ಕ್ಲಿನಿಕ್ ಗೊತ್ತುಮಾಡಿಕೊಳ್ಳುವುದು. ನಮ್ಮ ಕಡೆಯವರು ಹೆಚ್ಚಾಗಿ ಹುಬ್ಬಳ್ಳಿಗೋ ಮಂಗಳೂರಿಗೋ ಗೋವಾಕ್ಕೋ ಹೋಗುತ್ತಾರೆ. ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಮಾಡುವ ಚಿಕಿತ್ಸೆ) ಮಾಡುವ ಕಡೆಯೆಲ್ಲ ಸರೊಗಸಿ ನೋಂದಣಿ ಇರುತ್ತದೆಂದಿಲ್ಲ. ಪ್ರಮಾಣಪತ್ರವನ್ನು ಕಣ್ಣಾರೆ ನೋಡಿ, ಅವಧಿ ಓದಿ. ರಾಜ್ಯದ ಗಡಿ ದಾಟುವುದಾದರೆ ಯಾವ ಪ್ರಾಧಿಕಾರದ ಪತ್ರ ಬೇಕೆಂದು ಮುಂಗಡ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ. ಆಮೇಲೆ ಜಿಲ್ಲಾ ವೈದ್ಯಕೀಯ ಮಂಡಳಿ. ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿಯ ಜೊತೆ ಸ್ತ್ರೀರೋಗ ಮತ್ತು ಮಕ್ಕಳ ತಜ್ಞರು ಕೂರುವ ಮಂಡಳಿ ಇದು, ನಮಗೆ ಕಾರವಾರವೇ ಗತಿ. ಗರ್ಭಕೋಶ ಇಲ್ಲದಿರುವುದು ನಿಯಮದಲ್ಲೇ ಬರೆದಿರುವ ಕಾರಣ. ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ವರದಿ, ಹೊಸ ಸ್ಕ್ಯಾನ್ ಇದ್ದರೆ ವಾದಕ್ಕೆ ಜಾಗವಿಲ್ಲ.

ಮೂರನೆಯದು ಕೋರ್ಟು, ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದೇ ಇಲ್ಲಿ. ನೀವಿಬ್ಬರೂ ಅಕ್ಕನೂ ಸೇರಿ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಅರ್ಜಿ ಹಾಕಬೇಕು. ಹುಟ್ಟಲಿರುವ ಮಗುವಿನ ತಂದೆತಾಯಿ ಯಾರು, ಅದು ಯಾರ ವಶಕ್ಕೆ ಎಂದು ನ್ಯಾಯಾಧೀಶರು ಆದೇಶ ಕೊಡುತ್ತಾರೆ. ಹೆರಿಗೆಯ ನಂತರ ಇದೇ ಆದೇಶ ಜನನದ ಅಫಿಡವಿಟ್ ಆಗುತ್ತದೆ. ಮಗು ಎಲ್ಲ ಹಕ್ಕುಗಳ ಸಮೇತ ನಿಮ್ಮ ಸ್ವಂತ ಮಗು. ದತ್ತು ಪಡೆಯುವ ಪ್ರಶ್ನೆಯೇ ಇಲ್ಲ. ಅವಳಿ ಹುಟ್ಟಿದರೂ, ಅಂಗದೋಷ ಕಂಡರೂ ಬೇಡವೆನ್ನುವ ಹಾಗಿಲ್ಲ. ಅಕ್ಕನ ಹೆಸರಿನಲ್ಲಿ 36 ತಿಂಗಳ ವಿಮೆಯೂ ಬೇಕು. ಬಸಿರಿನ ಮತ್ತು ಹೆರಿಗೆಯ ನಂತರದ ತೊಂದರೆಗಳ ಖರ್ಚಿಗೆಲ್ಲ ಸಾಲುವಷ್ಟು ಮೊತ್ತದ ಆರೋಗ್ಯ ವಿಮೆ ಅದಾಗಿರಬೇಕು. ಅವಳ ದೈಹಿಕ, ಮಾನಸಿಕ ಕ್ಷಮತೆಯ ಪತ್ರವನ್ನೂ ಸೇರಿಸಿ ಈ ಕಾಯ್ದೆಯಡಿ ನೇಮಕವಾದ ಪ್ರಾಧಿಕಾರದಿಂದ ಅಗತ್ಯತೆ ಮತ್ತು ಅರ್ಹತೆಯ ಪ್ರಮಾಣಪತ್ರ ಪಡೆದ ಮೇಲೆಯೇ ಚಿಕಿತ್ಸೆ. ಭ್ರೂಣ ಹಾಕುವ ಕ್ಷಣದವರೆಗೂ ಅಕ್ಕ ಹಿಂದೆ ಸರಿಯಬಹುದು. ಅದು ಅವಳ ಹಕ್ಕು, ಅದನ್ನು ಅವಳಿಗೆ ನೀವೇ ಹೇಳಿ.

ಚಿಕಿತ್ಸೆ ನಿಮ್ಮಿಂದ ಶುರು. ಮುಟ್ಟು ಇಲ್ಲದ್ದರಿಂದ ನಿಮ್ಮ ಚಕ್ರದ ದಿನವನ್ನು ರಕ್ತಪರೀಕ್ಷೆ, ಸ್ಕ್ಯಾನಿನಿಂದ ಹಿಡಿಯುತ್ತಾರೆ. 10–12 ದಿನ ಹಾರ್ಮೋನ್ ಇಂಜೆಕ್ಷನ್, ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್. ಕೆಲವು ಇಂಜೆಕ್ಷನ್‌ಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟ್ ಇಲ್ಲದ ಊರಿನವರು ಅಷ್ಟು ದಿನ ಕ್ಲಿನಿಕ್ ಇರುವ ಊರಲ್ಲೇ ಉಳಿಯುವುದು ಒಳ್ಳೆಯದು. ಅಂಡಾಣು ಮಾಗಿಸುವ ಕೊನೆಯ ಟ್ರಿಗರ್ ಇಂಜೆಕ್ಷನ್ ಆಗಿ 34–36 ಗಂಟೆಗೆ ಅಂಡಾಣು ತೆಗೆಯುತ್ತಾರೆ. ಆ ಹೊತ್ತು ತಪ್ಪಿದರೆ ಅಂಡಾಣು ಕೈಗೆ ಸಿಗದೆ ಹೋಗಬಹುದು. ಹತ್ತು ಅಂಡಾಣು ಸಿಕ್ಕರೆ ಹತ್ತು ಭ್ರೂಣ ಅಲ್ಲ. ಐದನೇ ದಿನಕ್ಕೆ ಮೂರೋ ನಾಲ್ಕೋ ಉಳಿದರೂ ಒಳ್ಳೆಯದೆಂದೇ ತಿಳಿಯಿರಿ.

ಅತ್ತ ಅಕ್ಕನಿಗೆ ಸುಮಾರು ಎರಡು ವಾರ ಈಸ್ಟ್ರೋಜನ್ ಮಾತ್ರೆ. ಗರ್ಭಕೋಶದ ಒಳಪದರ 7 ಮಿಲಿಮೀಟರ್ ದಾಟಿದ ಮೇಲೆ ಗರ್ಭ ಉಳಿಸುವ ಹಾರ್ಮೋನ್ ಪ್ರೊಜೆಸ್ಟರಾನ್, ನಂತರ ಭ್ರೂಣ. ಒಂದು ಸಲಕ್ಕೆ ಒಂದೇ ಭ್ರೂಣ ಎನ್ನುವುದು ನಿಯಮ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ. ಎರಡು ಹಾಕಿಸಿ ಎಂದು ನೀವಾಗಿ ಒತ್ತಾಯಿಸಬೇಡಿ. ಅವಳಿಯಾದರೆ ಅವಧಿಗೆ ಮೊದಲೇ ಹೆರಿಗೆ, ಬಿಪಿ ಎರಡೂ ಹೆಚ್ಚು, ಅಪಾಯ ಹೊರುವವಳು ಅಕ್ಕ. ಈ ಚಕ್ರದಲ್ಲಿ ಅಕ್ಕ–ಭಾವ ಕೂಡುವಂತಿಲ್ಲ. ಅವಳಿಗೆ ತಾನಾಗಿಯೇ ಗರ್ಭ ನಿಂತರೆ ಮಗು ಯಾರದ್ದೆಂದು ಡಿಎನ್‌ಎ ಪರೀಕ್ಷೆಯೇ ಹೇಳಬೇಕಾಗುತ್ತದೆ. ಮುಜುಗರ ಬಿಟ್ಟು ಈ ಮಾತನ್ನು ಭಾವನ ಎದುರೇ ಆಡಿ ಮುಗಿಸಿ.

ಭ್ರೂಣ ಹಾಕಿ 10–14 ದಿನಕ್ಕೆ, ಗರ್ಭ ನಿಂತಿದೆಯೇ ಎಂದು ತಿಳಿಯಲು ರಕ್ತದಲ್ಲಿ ಬೀಟಾ ಎಚ್‌ಸಿಜಿ ಹಾರ್ಮೋನ್ ನೋಡುತ್ತಾರೆ. ಪಾಸಿಟಿವ್ ಬಂದ ಖುಷಿಗೆ ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ಹೀಗೆ ಔಷಧದಿಂದ ಸಿದ್ಧಮಾಡಿದ ಚಕ್ರದಲ್ಲಿ ಅಕ್ಕನ ಅಂಡಾಶಯ ಪ್ರೊಜೆಸ್ಟರಾನ್ ತಯಾರಿಸುವುದಿಲ್ಲ. ಮಾಸು ಆ ಕೆಲಸ ವಹಿಸಿಕೊಳ್ಳುವ 10–12 ವಾರದವರೆಗೆ ಔಷಧವೇ ಆಧಾರ.

ಹೆರಿಗೆ ಜೂನ್‌ನಿಂದ ಆಗಸ್ಟ್ ನಡುವೆ ಬರುವಂತಿದ್ದರೆ ಕೊನೆಯ ತಿಂಗಳು ನವಜಾತ ಶಿಶು ಐಸಿಯು ಇರುವ ಊರಿಗೆ ಮೊದಲೇ ಹೋಗಿ ಉಳಿಯಿರಿ. 2024ರ ಜುಲೈನಲ್ಲಿ ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ನಮಗೆಲ್ಲ ಗೊತ್ತೇ ಇದೆ. ಘಟ್ಟದ ರಸ್ತೆಯನ್ನು ನಂಬಿ ಕೂರುವುದು ಬೇಡ.

ಆಸ್ಪತ್ರೆಗೆ ಅಕ್ಕನನ್ನು ಅವಳದೇ ಹೆಸರಿನಲ್ಲಿ ದಾಖಲಿಸಿ, ಕೋರ್ಟ್ ಆದೇಶದ ಪ್ರತಿಯನ್ನು ಅದೇ ದಿನ ಕೊಡಿ. ಇಲ್ಲವಾದರೆ ಜನನ ವರದಿಯಲ್ಲಿ ತಾಯಿ ಎಂದು ಅವಳ ಹೆಸರೇ ಹೋಗುತ್ತದೆ, ತಿದ್ದಿಸಲು ಅಲೆಯಬೇಕಾಗುತ್ತದೆ. ನೋಂದಣಿಗೆ 21 ದಿನ ಇದೆ. ನೀವು ಕೆಲಸದಲ್ಲಿದ್ದರೆ, ಮಗು ಕೈಗೆ ಬಂದ ದಿನದಿಂದ 12 ವಾರ ಹೆರಿಗೆ ರಜೆ ಕಾನೂನಿನಲ್ಲೇ ಇದೆ.

ಮಗು ನಿಮ್ಮ ಮನೆಗೆ ಬಂದರೂ ಅಕ್ಕನಿಗೆ ಬಾಣಂತನ ಪೂರ್ತಿ ಆಗಬೇಕು. ಎರಡರಿಂದ ನಾಲ್ಕನೇ ದಿನಕ್ಕೆ ಎದೆ ಬಿಗಿದು ಹಾಲು ಇಳಿಯುತ್ತದೆ. ಅವಳು ಒಪ್ಪಿದರೆ ಹಿಂಡಿ ಮಗುವಿಗೆ ಕೊಡಬಹುದು. ಬೇಡವಾದರೆ ಹಾಲು ನಿಲ್ಲಿಸುವ ಕ್ಯಾಬರ್ಗೋಲಿನ್ ಮಾತ್ರೆಯನ್ನು ವೈದ್ಯರು ಮೊದಲ ದಿನವೇ ಕೊಡುತ್ತಾರೆ, ಬಿಪಿ ಏರಿದ್ದವರಿಗೆ ಅದು ಆಗದು. ಆರನೇ ವಾರದ ತಪಾಸಣೆಗೆ ನೀವೂ ಅವಳ ಜೊತೆ ಹೋಗಿ. ನಿದ್ದೆ ಬರುತ್ತಿದೆಯೇ, ಮನಸ್ಸು ಕುಗ್ಗಿದೆಯೇ ಎಂದು ವೈದ್ಯರು ಕೇಳದಿದ್ದರೆ ಕೇಳುವಂತೆ ಹೇಳಿ. 36 ತಿಂಗಳ ವಿಮೆ ಇರುವುದೂ ಹೆರಿಗೆಯಾದ ಮೇಲೆ ಕಾಣಿಸಿಕೊಳ್ಳುವ ಇಂಥ ತೊಂದರೆಗಳಿಗಾಗಿಯೇ.