ಹುಡುಗಿಯರು ಮೈದಾನಕ್ಕೆ ಬರಲ್ವಾ? ಮೊದಲು ಟೈಮ್ ಟೇಬಲ್ ತೋರಿಸಿ

ಊರ ಮೈದಾನಗಳ ಬಗ್ಗೆ ಗ್ರಾಮ ಪಂಚಾಯಿತಿಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಹೋದಲ್ಲೆಲ್ಲ ಒಂದೇ ಮಾತು: 'ಮೈದಾನ ಎಲ್ಲರಿಗೂ ಇದೆ ಸಾರ್, ಹುಡುಗಿಯರಿಗೇ ಆಸಕ್ತಿ ಇಲ್ಲ.'

ಹೀಗೆ ಹೇಳಿದವರನ್ನು ಸಂಜೆ ಐದಕ್ಕೆ ಅದೇ ಮೈದಾನಕ್ಕೆ ಕರೆದುಕೊಂಡು ಹೋಗುತ್ತೇನೆ. ನಟ್ಟನಡುವೆ ಪಿಚ್, ಟೆನಿಸ್ ಬಾಲ್ ಕ್ರಿಕೆಟ್. ಆಡುವವರು ಹತ್ತು ಹನ್ನೆರಡು ಜನ, ಬೌಂಡರಿ ಮಾತ್ರ ಕಾಂಪೌಂಡಿನವರೆಗೆ. ಗೇಟಿನ ಹತ್ತಿರ ಬೈಕ್ ಮೇಲೆ ಕೂತವರು ಬೇರೆ. ಒಂಬತ್ತನೇ ಕ್ಲಾಸಿನ ಹುಡುಗಿ ಇವರನ್ನೆಲ್ಲ ದಾಟಿ ಬಂದು ನಿಲ್ಲುವುದೆಲ್ಲಿ, ಹೇಳಿ? ಹುಡುಗರನ್ನು ಬೈದು ಪ್ರಯೋಜನವಿಲ್ಲ. ಮೊದಲು ಬಂದವರಿಗೆ ಜಾಗ ಅಂತಾದರೆ, ಸ್ಕೂಲು ಬಿಟ್ಟ ಮೇಲೆ ಮನೆಗೆ ಹೋಗಿ ಪಾತ್ರೆ ತೊಳೆಯಬೇಕಾದವಳು ಮೊದಲು ಬರುವುದು ಯಾವಾಗ?

ಅದಕ್ಕೇ ಗಂಟೆ ಬರೆದಿಡಿ ಅನ್ನುವುದು. ವಾರಕ್ಕೆ ಮೂರು ಸಂಜೆ, ಇಷ್ಟರಿಂದ ಇಷ್ಟು ಗಂಟೆಯವರೆಗೆ ಹುಡುಗಿಯರಿಗೆ. ಇಡೀ ಮೈದಾನ, ಮೂಲೆ ಅಲ್ಲ. ಹೆಣ್ಣುಮಕ್ಕಳ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ ಅಷ್ಟೇ ಅಲ್ವಾ, ಆ ಮೂಲೆಯಲ್ಲಿ ಹಾಕೋಣ ಅಂತಾರೆ. ಹೋಗಿ ನೋಡಿದರೆ ಅದು ಗಂಡಸರು ಗೋಡೆಗೆ ಮುಖ ಮಾಡಿ ನಿಲ್ಲುವ ಮೂಲೆ. ನರೇಗಾ ದುಡ್ಡಲ್ಲಿ ಎಷ್ಟೋ ಊರುಗಳ ಮೈದಾನ ಮಟ್ಟವಾಗಿದೆ, ಸಂತೋಷ. ಅಲ್ಲಿ ಯಾರು ಯಾವಾಗ ಆಡಬೇಕು ಅನ್ನುವುದನ್ನು ಮಾತ್ರ ಪಂಚಾಯಿತಿಯೇ ಠರಾವು ಮಾಡಬೇಕು.

ಕೊಡಗಿನ ಕೌಟುಂಬಿಕ ಹಾಕಿ ಹಬ್ಬ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360. ಅಲ್ಲಿ ಒಂದು ಮನೆತನಕ್ಕೆ ಒಂದು ತಂಡ. ಹಾಗಾಗಿ ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯಬಹುದು. ಹೆಂಗಸರಿಗೆ ಯಾರೂ ಭಾಷಣ ಮಾಡಿ ಉತ್ತೇಜನ ಕೊಡಬೇಕಾಗಿಲ್ಲ, ತಂಡ ಕಟ್ಟುವ ಕ್ರಮದಲ್ಲೇ ಅವರಿಗೆ ಜಾಗ ಇದೆ. ಅಲ್ಲಿ ಒಕ್ಕದ, ಅಂದರೆ ಮನೆತನದ, ಕಟ್ಟು ಗಟ್ಟಿ ಇದೆ, ನಿಜ. ಬಯಲುಸೀಮೆಯ ಊರಿಗೆ ಅದನ್ನು ಹಾಗೇ ತರೋಕಾಗಲ್ಲ.

ಒಂದು ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯೊಬ್ಬಳು ಎದ್ದು, 'ನಮಗೆ ಟೂರ್ನಮೆಂಟ್ ಬೇಡ ಮೇಡಂ, ಮೈದಾನದ ಬಾತ್‌ರೂಮ್ ಬೀಗ ತೆಗೆಸಿ' ಅಂದಳು. ಅಧ್ಯಕ್ಷೆ ನಕ್ಕುಬಿಟ್ಟರು. ಆಮೇಲೆ ಕೀ ಯಾರ ಹತ್ತಿರ ಅಂತ ವಿಚಾರಿಸಿದರು. ವಾಟರ್‌ಮನ್ ಹತ್ತಿರ. ಅವನು ಯಾವುದೋ ಮದುವೆಗೆ ಹೋಗಿದ್ದ. ಉದ್ಘಾಟನೆಯ ದಿನ ಗಣ್ಯರಿಗೆ ತೆರೆದ ಬಾಗಿಲು, ಮತ್ತೆ ತೆರೆದೇ ಇರಲಿಲ್ಲ.

ಗಂಟೆ ಗೊತ್ತು ಮಾಡಿದರೆ ಎಲ್ಲ ಊರಲ್ಲೂ ಮೈದಾನ ತುಂಬುತ್ತದೆ ಅಂತ ನಾನು ಗ್ಯಾರಂಟಿ ಕೊಡಲಾರೆ. ಆದರೆ ದಯವಿಟ್ಟು ಎರಡೇ ವಾರಕ್ಕೆ ಫೋನ್ ಮಾಡಿ 'ನೋಡಿ, ಯಾರೂ ಬರಲಿಲ್ಲ' ಅನ್ನಬೇಡಿ. ಒಂದು ವರ್ಷವಾದರೂ ಬಿಡಿ. ಮೊದಮೊದಲು ಬರುವುದು ಒಬ್ಬಳೋ ಇಬ್ಬರೋ, ಅದೂ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು. ಹುಡುಗರಿಗೆ ಈಗ ಟೈಮ್ ಇಲ್ಲ ಅಂತ ಅವನನ್ನು ಗೇಟಿನಲ್ಲಿ ತಡೆಯಬೇಡಿ, ಅವಳೂ ವಾಪಸ್ ಹೋಗುತ್ತಾಳೆ.