ಕಾಲಿನ ಹುಣ್ಣು ಮಾಯದಿದ್ದರೆ ದುಡ್ಡು ಎಲ್ಲಿಗೆ ಹೋಗುತ್ತದೆ?

ಹುಣ್ಣಿನ ಚಿಕಿತ್ಸೆಯ ಖರ್ಚಿನ ಪಾಠದಲ್ಲಿ ನಾನು ಎಡವಿದ್ದು ಮೊದಲ ಹೆಜ್ಜೆಯಲ್ಲೇ. ಖರ್ಚು ಅಂದಕೂಡಲೇ ಡ್ರೆಸ್ಸಿಂಗ್ ಬೆಲೆ ನೋಡಿದೆ. ಆದರೆ ಹುಣ್ಣಿನ ಖರ್ಚು ಏರುವುದು ದಿನಗಳ ಮೇಲೆ.

ಕಾಲಿನ ಹಳೇ ಹುಣ್ಣುಗಳಲ್ಲಿ ಹೆಚ್ಚಿನವು ಸಿರೆಯ, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳದ, ತೊಂದರೆಯಿಂದ ಬಂದವು. ಸಿರೆಯೊಳಗಿನ ಕವಾಟ ಸರಿಯಾಗಿ ಮುಚ್ಚದೆ ರಕ್ತ ಕೆಳಗೇ ನಿಲ್ಲುತ್ತದೆ. ಕಾಲು ಊದುತ್ತದೆ, ಪಾದದ ಗಂಟಿನ ಹತ್ತಿರ ಚರ್ಮ ಒಡೆಯುತ್ತದೆ. ಮಾಯಲು ತಿಂಗಳುಗಟ್ಟಲೆ ಬೇಕು. ಮಾಯ್ದ ಮೇಲೂ ಎಷ್ಟೋ ಜನರಿಗೆ ಮತ್ತೆ ಬರುತ್ತದೆ.

ಒಂದು ಲೆಕ್ಕ ಹಾಕೋಣ, ಅಂಕಿ ಸುಮ್ನೆ ಉದಾಹರಣೆಗೆ. ನರ್ಸ್ ಒಂದು ಸಲ ನೋಡಲು 5, ಅಗ್ಗದ ಡ್ರೆಸ್ಸಿಂಗ್‌ಗೆ 1. ವಾರಕ್ಕೆ 3 ಸಲದಂತೆ 24 ವಾರಕ್ಕೆ 72 ಸಲ, ಒಟ್ಟು 432. ಇನ್ನೊಬ್ಬರಿಗೆ ನರ್ಸ್‌ಗೆ ಅದೇ 5, ಡ್ರೆಸ್ಸಿಂಗ್ ಮತ್ತು ಊತ ಇಳಿಸುವ ಬಿಗಿ ಬ್ಯಾಂಡೇಜ್ ಸೇರಿ 4. ವಾರಕ್ಕೆ ಒಂದೇ ಸಲ, 12 ವಾರಕ್ಕೆ ಮಾಯಿತು ಅಂದುಕೊಳ್ಳಿ: 108. ದುಬಾರಿ ಯಾವುದು? ಅದಕ್ಕೇ ಒಂದು ಡ್ರೆಸ್ಸಿಂಗ್‌ಗೆ ಎಷ್ಟು ಅನ್ನುವುದನ್ನು ಬಿಟ್ಟು, ಒಂದು ಹುಣ್ಣು ಮಾಯಲು ಒಟ್ಟು ಎಷ್ಟಾಯಿತು ಅಂತ ನೋಡಬೇಕು.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ 2017–18ರ ಅಂದಾಜು ಇದನ್ನೇ ತೋರಿಸುತ್ತದೆ. ಎಲ್ಲ ಬಗೆಯ ಗಾಯ ಸೇರಿ ಖರ್ಚು 830 ಕೋಟಿ ಪೌಂಡ್. ಅದರಲ್ಲಿ 560 ಕೋಟಿ ಹೋಗಿದ್ದು ಆ ವರ್ಷ ಮಾಯದೇ ಉಳಿದ ಗಾಯಗಳಿಗೆ!

ಹಾಗಾದರೆ ಎಲ್ಲರಿಗೂ ಬಿಗಿಯಾಗಿ ಸುತ್ತಿಬಿಟ್ಟರೆ ಆಯ್ತಲ್ವಾ? ಇಲ್ಲ. ಮೊದಲು ಕಾಲಿಗೆ ರಕ್ತ ತರುವ ಅಪಧಮನಿಯ ಹರಿವು ನೋಡಬೇಕು. ಪಾದದ ಗಂಟಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.8ಕ್ಕಿಂತ ಕಡಿಮೆ ಬಂದರೆ ಬಿಗಿ ಕಟ್ಟು ಅಪಾಯ. ನನ್ನ ಪ್ರಕಾರ ಇಡೀ ಚಿಕಿತ್ಸೆಯಲ್ಲಿ ಹೆಚ್ಚು ದುಡ್ಡು ಉಳಿಸುವುದು ಈ ಕೆಲವು ನಿಮಿಷದ ಪರೀಕ್ಷೆಯೇ. ಕಾರಣ ಗೊತ್ತಿಲ್ಲದೆ ಪಟ್ಟಿ ಬದಲಿಸುತ್ತಾ ಕೂತರೆ ವಾರಗಳು ಹೋಗುತ್ತವೆ.

ಕೆಟ್ಟ ಸಿರೆಯನ್ನು, ಅದರಲ್ಲಿ ರಕ್ತ ಹರಿಯದಂತೆ, ಬೇಗ ಮುಚ್ಚಿದರೂ ದಿನ ಉಳಿಯುತ್ತದೆ. 2018ರಲ್ಲಿ ಬಂದ 450 ರೋಗಿಗಳ ಅಧ್ಯಯನದಲ್ಲಿ, ಬಿಗಿ ಬ್ಯಾಂಡೇಜ್ ಜೊತೆಗೆ ಎರಡು ವಾರದೊಳಗೇ ಸಿರೆ ಮುಚ್ಚಿಸಿಕೊಂಡವರ ಹುಣ್ಣು ಮಾಯಲು ಹಿಡಿದ ಮಧ್ಯಕ ಅವಧಿ (ಅರ್ಧ ಜನರಿಗೆ ಮಾಯಲು ಹಿಡಿದ ಕಾಲ) 56 ದಿನ. ಚಿಕಿತ್ಸೆ ತಡವಾದ ಗುಂಪಿನಲ್ಲಿ 82.

ಇನ್ನು ಪರೋಕ್ಷ ಖರ್ಚು. ನಿಂತು ಮಾಡುವ ಕೆಲಸ ಬಿಡಬೇಕಾಗುತ್ತದೆ, ಆ ಸಂಬಳ ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣುವುದಿಲ್ಲ. ಆದ್ದರಿಂದ ಯಾವುದೇ ಅಂಕಿ ಕಂಡರೂ ಯಾರ ಜೇಬಿನ ಲೆಕ್ಕ ಇದು ಅಂತ ಮೊದಲು ಕೇಳಿ. ರಾತ್ರಿ ನೋವಿಗೆ ಎದ್ದ ತಾಯಿಯ ಕಾಲನ್ನು ತೊಡೆ ಮೇಲಿಟ್ಟುಕೊಂಡು, ಸೋರಿ ಒದ್ದೆಯಾದ ಪಟ್ಟಿ ಬಿಚ್ಚುವ ಮಗಳ ಸಮಯ ಹೆಚ್ಚಿನ ಲೆಕ್ಕಗಳಲ್ಲಿ ಸೊನ್ನೆ.