ಬಣ್ಣ ಬಂದ ಮೇಲಿನ ಕೆಲಸ: ಉಕ್ಕಿನ ಸೈಕಲ್ ಫ್ರೇಮಿನ ಕೊನೆಯ ಸಿದ್ಧತೆ

ಕೈಯಿಂದ ಕಟ್ಟಿದ ಉಕ್ಕಿನ ಫ್ರೇಮ್ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ, ಕಾಯಿಸಿ ಹಿಡಿಸುವ ಲೇಪ) ಮುಗಿಸಿಕೊಂಡು ವರ್ಕ್‌ಶಾಪಿಗೆ ಮರಳಿದ ದಿನ, ಗ್ರಾಹಕರು ಅದನ್ನು ಅಂದೇ ಒಯ್ಯಬಹುದೆಂದು ಭಾವಿಸುವುದು ಸಹಜ. ನೋಡುವುದಕ್ಕೆ ಅದು ಸಿದ್ಧವಾಗಿರುತ್ತದೆ, ಜೋಡಿಸುವುದಕ್ಕೆ ಇನ್ನೂ ಸಿದ್ಧವಾಗಿರುವುದಿಲ್ಲ. ಬೇರಿಂಗ್, ಸೀಟ್‌ಪೋಸ್ಟ್, ಬ್ರೇಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಒತ್ತುವ ಭಾಗ) ಮುಂತಾದವು ಕೂರುವ ಪ್ರತಿಯೊಂದು ಜಾಗವನ್ನೂ ಬಣ್ಣದ ನಂತರ ಮತ್ತೊಮ್ಮೆ ಹದಗೊಳಿಸಬೇಕು. ಈ ಕೆಲಸವನ್ನು ಬಿಡಿಭಾಗ ಜೋಡಿಸುವ ಅಂಗಡಿಗೆ ಬಿಟ್ಟುಕೊಡುವ ರೂಢಿ ಅಲ್ಲಲ್ಲಿ ಇದೆ; ನನ್ನ ದೃಷ್ಟಿಯಲ್ಲಿ ಅದು ತಪ್ಪು, ಇದು ಫ್ರೇಮ್ ಕಟ್ಟಿದವರದೇ ಹೊಣೆ.

ಕಾರಣ ಸರಳವಾಗಿದೆ. ಹಿತ್ತಾಳೆಯ ಬ್ರೇಜಿಂಗ್ ಮಾಡುವಾಗ, ಅಂದರೆ ಕರಗಿದ ಹಿತ್ತಾಳೆಯಿಂದ ಕೊಳವೆಗಳನ್ನು ಬೆಸೆಯುವಾಗ, ಕೀಲುಗಳು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತವೆ, ತಣಿಯುವಾಗ ಒಂದು ಬದಿಗೆ ಎಳೆದುಕೊಳ್ಳುತ್ತವೆ, ದುಂಡಗಿದ್ದ ರಂಧ್ರ ತುಸು ಅಂಡಾಕಾರಕ್ಕೆ ತಿರುಗುತ್ತದೆ. ಅದರ ಮೇಲೆ ಪೌಡರ್ ಕೋಟಿಂಗ್ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪದ ಪದರವನ್ನು ಸೇರಿಸುತ್ತದೆ. ರಂಧ್ರದ ಎರಡೂ ಗೋಡೆಗಳಿಗೆ ಲೆಕ್ಕ ಹಾಕಿದರೆ ವ್ಯಾಸದಲ್ಲಿ 0.2 ಮಿ.ಮೀ.ವರೆಗೆ ಕಡಿಮೆಯಾಗಬಹುದು. ಹೆಡ್‌ಸೆಟ್ ಕಪ್ (ಹ್ಯಾಂಡಲ್ ತಿರುಗುವ ಬೇರಿಂಗಿನ ಬಟ್ಟಲು) ಬಿಗಿಯಾಗಿ ಕೂರಲು ಅದಕ್ಕೂ ರಂಧ್ರಕ್ಕೂ ನಾವು ಇಡುವ ವ್ಯತ್ಯಾಸವೇ 0.1ರಿಂದ 0.25 ಮಿ.ಮೀ. ಎಂಬುದನ್ನು ನೆನೆದರೆ, ಈ ತೆಳುವಾದ ಪದರ ಎಷ್ಟು ದೊಡ್ಡ ವಿಷಯವೆಂದು ತಿಳಿಯುತ್ತದೆ.

ಹೆಚ್ಚು ಸಮಯ ಬೇಡುವುದು ಬಾಟಂ ಬ್ರಾಕೆಟ್ ಷೆಲ್, ಅಂದರೆ ಪೆಡಲ್ ತೋಳುಗಳ ಆಕ್ಸಲ್ ತಿರುಗುವ ಬೇರಿಂಗುಗಳು ಕೂರುವ ಅಡ್ಡ ಕೊಳವೆ. ಬಿಎಸ್‌ಎ ಎಂಬ ಬ್ರಿಟಿಷ್ ಮಾದರಿಯಲ್ಲಿ ಥ್ರೆಡ್ಡಿನ (ತಿರುಪಿನ ಗೆರೆಗಳ) ಅಳತೆ 1.37 ಇಂಚು, ಇಂಚಿಗೆ 24 ಸುತ್ತು. ಚೈನಿರುವ ಬಲಬದಿಯದು ಎಡ ಥ್ರೆಡ್, ಇನ್ನೊಂದು ಬದಿಯದು ಬಲ ಥ್ರೆಡ್. ಪೆಡಲ್ ತುಳಿದಂತೆಲ್ಲ ಬಲಬದಿಯ ಕಪ್ ಆಕ್ಸಲ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಮೆಲ್ಲನೆ ಸರಿಯಲು ನೋಡುತ್ತದೆ, ಹಾಗಾಗಿ ಅಲ್ಲಿ ಎಡ ಥ್ರೆಡ್ ಇಟ್ಟಿದ್ದಾರೆ. ಥ್ರೆಡ್ ಕೊರೆಯುವ ಎರಡು ಟ್ಯಾಪ್‌ಗಳನ್ನೂ ಎರಡು ಕಡೆಯಿಂದ ಏಕಕಾಲಕ್ಕೆ ಒಳಗೆ ನಡೆಸಬೇಕು, ಒಂದರ ದಂಡ ಇನ್ನೊಂದಕ್ಕೆ ದಾರಿ ತೋರಿದಾಗ ಮಾತ್ರ ಎರಡೂ ಥ್ರೆಡ್‌ಗಳು ಒಂದೇ ಅಕ್ಷದಲ್ಲಿ ಬರುತ್ತವೆ. ಕಟಿಂಗ್ ಆಯಿಲ್ ಧಾರಾಳವಾಗಿರಲಿ. ಟ್ಯಾಪನ್ನು ಅರ್ಧ ಸುತ್ತು ಮುಂದಕ್ಕೆ ಹಾಕಿ ಸ್ವಲ್ಪ ಹಿಂದಕ್ಕೆ ತಿರುಗಿಸಿ ಚೂರುಗಳನ್ನು ಮುರಿಯಬೇಕು.

ಆಮೇಲೆ ಷೆಲ್ಲಿನ ಎರಡು ಅಂಚುಗಳನ್ನು ಫೇಸಿಂಗ್ ಕಟರಿನಿಂದ ಸಮ ಮಾಡುವ ಕೆಲಸ. ಕಟರ್ ತಾಕುವ ಮುನ್ನ ಅಂಚಿನ ಸುತ್ತ ಹರಿತವಾದ ಬ್ಲೇಡಿನಿಂದ ಬಣ್ಣಕ್ಕೆ ಒಂದು ಗೆರೆ ಕೊಯ್ದಿಟ್ಟರೆ ಹೊರಮೈಯ ಬಣ್ಣ ಸಿಡಿದು ಏಳುವುದಿಲ್ಲ. ಮೊದಲ ಸುತ್ತುಗಳಲ್ಲಿ ಬಣ್ಣ ಹಿಟ್ಟಿನಂತೆ ಉದುರುತ್ತದೆ, ಅನಂತರ ಎತ್ತರವಿದ್ದ ಒಂದು ಬದಿಯಲ್ಲಿ ಮಾತ್ರ ಅರ್ಧಚಂದ್ರಾಕಾರದಲ್ಲಿ ಉಕ್ಕು ಬೆಳ್ಳಗೆ ಕಾಣುತ್ತದೆ. ಬ್ರೇಜಿಂಗ್ ಷೆಲ್ಲನ್ನು ಯಾವ ಕಡೆಗೆ ಎಳೆದಿತ್ತೆಂದು ಆಗ ಕಣ್ಣಿಗೇ ಗೊತ್ತಾಗುತ್ತದೆ. ಆ ಹೊಳಪು ಸುತ್ತಲೂ ಹರಡಿ ಉಂಗುರ ಪೂರ್ಣಗೊಂಡ ಕ್ಷಣ ನಿಲ್ಲಿಸಬೇಕು, ಏಕೆಂದರೆ ಷೆಲ್ಲಿನ ಅಗಲ 68 ಮಿ.ಮೀ. ಉಳಿಯಬೇಕು. ಟ್ಯಾಪಿನಂತೆ ಈ ಕಟರನ್ನು ಹಿಂದಕ್ಕೆ ತಿರುಗಿಸುವಂತಿಲ್ಲ, ತಿರುಗಿಸಿದರೆ ಅದರ ಹಲ್ಲು ಮೊಂಡಾಗುತ್ತದೆ.

ಫೋರ್ಕ್ ಹಾದುಹೋಗುವ ಮುಂದಿನ ಕೊಳವೆಯಾದ ಹೆಡ್ ಟ್ಯೂಬಿನ ಮೇಲಿನ ಮತ್ತು ಕೆಳಗಿನ ಅಂಚುಗಳು ಪರಸ್ಪರ ಸಮಾನಾಂತರವಾಗಿರಬೇಕು. ಹಾಗಿರದಿದ್ದರೆ ಹ್ಯಾಂಡಲ್ ಒಂದು ಕೋನದಲ್ಲಿ ಬಿಗಿಯುತ್ತದೆ, ಅದನ್ನು ಸಡಿಲಿಸಿದರೆ ಮುಂದಿನ ಬ್ರೇಕ್ ಹಿಡಿದಾಗ ಕಟಕಟ ಸದ್ದು ಬರುತ್ತದೆ. ಬೋಲ್ಟನ್ನು ಎಷ್ಟು ಹೊಂದಿಸಿದರೂ ಈ ದೋಷ ಹೋಗುವುದಿಲ್ಲ. ಫೋರ್ಕಿನ ಸ್ಟಿಯರರ್ ಕೊಳವೆಯನ್ನು (ಹ್ಯಾಂಡಲ್ ಹಿಡಿಯುವ ಮೇಲ್ಭಾಗ) ಮಾತ್ರ ಈ ಹಂತದಲ್ಲಿ ಉದ್ದವಾಗಿಯೇ ಬಿಡುತ್ತೇನೆ. ಸವಾರರು ತಮ್ಮ ಬೆನ್ನಿಗೆ ಒಗ್ಗುವ ಎತ್ತರವನ್ನು ಕೆಲವು ವಾರ ಓಡಿಸಿ ನಿರ್ಧರಿಸಿದ ಮೇಲೆ ಕತ್ತರಿಸುವುದೇ ಲೇಸು.

ಸೀಟ್ ಟ್ಯೂಬಿನಲ್ಲಿ ತೊಂದರೆ ಹೆಚ್ಚಾಗಿ ಅದರ ಮೇಲ್ತುದಿಯ ಸೀಳಿನ ಬಳಿ ಇರುತ್ತದೆ. 27.2 ಮಿ.ಮೀ. ಪೋಸ್ಟಿಗೆ ರೀಮರ್ (ರಂಧ್ರವನ್ನು ಕೆರೆದು ಅಳತೆಗೆ ತರುವ ಉಪಕರಣ) ಹಾಕಿದ ಬಳಿಕ ಸೀಳಿನ ಒಳಅಂಚಿನ ಮುಳ್ಳುಗಳನ್ನು ಸಣ್ಣ ಅರದಿಂದ ತೆಗೆದು, ಒಳಮೈಯನ್ನು ಹೋನಿಂಗ್ ಬ್ರಷ್‌ನಿಂದ ನಯಗೊಳಿಸಬೇಕು. ಗ್ರೀಸ್ ಹಚ್ಚಿದ ಅಲ್ಯೂಮಿನಿಯಂ ಪೋಸ್ಟ್ ಅಂಗೈಯ ಒತ್ತಡಕ್ಕೆ ಇಳಿಯಬೇಕು, ಅಲುಗಬಾರದು, ಹೊರತೆಗೆದಾಗ ಉದ್ದನೆಯ ಗೀರು ಬಿದ್ದಿರಬಾರದು. ಗ್ರೀಸ್ ಇಲ್ಲದೆ ಹಾಕಿದ ಅಲ್ಯೂಮಿನಿಯಂ ಕಾಲಕ್ರಮೇಣ ಉಕ್ಕಿನೊಳಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಗರಗಸವೇ ಗತಿಯಾಗಬಹುದು.

ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಕೂರುವ ಮೈಯಲ್ಲಿ ಬಣ್ಣ ಉಳಿದರೆ ಬೋಲ್ಟ್ ಬಿಗಿಸಿದಂತೆ ಅದು ನಜ್ಜಾಗುತ್ತಾ ಹೋಗಿ ಬೋಲ್ಟೇ ಸಡಿಲವಾಗುತ್ತದೆ. ಆದ್ದರಿಂದ ಅಲ್ಲಿ ಬರಿ ಲೋಹದವರೆಗೆ ಸಮ ಮಾಡಿ, ಗ್ರೀಸಿನ ತೆಳುಪದರ ಸವರುತ್ತೇನೆ. ನೀರಿನ ಬಾಟಲಿಯ ಎಂ5 ಬೋಲ್ಟುಗಳಿಗೆ ಟ್ಯಾಪ್ ಹಾಯಿಸುವುದು ಕೆಲವೇ ನಿಮಿಷದ ಕೆಲಸ. ಗೇರ್ ಹ್ಯಾಂಗರನ್ನು (ಹಿಂದಿನ ಗೇರ್ ಬದಲಿಸುವ ಭಾಗ ತೂಗುವ ಕೊಂಡಿ) ಗೇಜ್ ಹಿಡಿದು ಚಕ್ರದ ರಿಮ್ಮಿನ ನಾಲ್ಕು ಕಡೆ ಅಳೆಯಬೇಕು, 4 ಮಿ.ಮೀ. ಒಳಗಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ಹನ್ನೆರಡು ಗೇರುಗಳ ಚೈನ್ ಇದ್ದರೆ ನಾನು ಅದಕ್ಕಿಂತ ಬಿಗಿಯಾದ ಅಳತೆ ಬಯಸುತ್ತೇನೆ. ಡ್ರಾಪೌಟ್‌ಗಳ (ಚಕ್ರದ ಆಕ್ಸಲ್ ಕೂರುವ ತುದಿಗಳ) ನಡುವಿನ ಅಂತರ ಮತ್ತು ಫ್ರೇಮಿನ ನೇರವನ್ನು ಈಗ ಪರಿಶೀಲಿಸುವುದಷ್ಟೇ. ಬಗ್ಗಿಸಿ ಸರಿಪಡಿಸುವುದಿದ್ದರೆ ಬಣ್ಣಕ್ಕೆ ಮುಂಚೆಯೇ ಮುಗಿದಿರಬೇಕು, ಇಲ್ಲವಾದರೆ ಬಣ್ಣ ಬಿರಿಯುತ್ತದೆ.

ಕತ್ತರಿಸುವ ಕೆಲಸವೆಲ್ಲ ಮುಗಿದ ಮೇಲೆ ಒಳಗಿನ ಚೂರು, ಎಣ್ಣೆಗಳನ್ನು ಪೂರ್ತಿ ತೊಳೆದು ಒಣಗಿಸಿ, ತುಕ್ಕು ತಡೆಯುವ ಲೇಪ ಕೊಡಬೇಕು. ಫ್ರೇಮಿಗೆ ಬಳಸುವ ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ) ಉಕ್ಕು ಸ್ಟೇನ್‌ಲೆಸ್ ಅಲ್ಲ, ಬಣ್ಣವಾದರೋ ಹೊರಗಡೆ ಮಾತ್ರ ಇರುತ್ತದೆ. ಮಂಗಳೂರು, ಕಾರವಾರಗಳ ಉಪ್ಪುಗಾಳಿಯಲ್ಲಿ ಮಳೆಗಾಲವಿಡೀ ಓಡುವ ಸೈಕಲ್ ಒಳಗಿನಿಂದಲೇ ತುಕ್ಕು ಹಿಡಿಯಲಾರಂಭಿಸಿದರೆ ಹೊರಗೆ ಗುಳ್ಳೆ ಏಳುವವರೆಗೂ ಯಾರಿಗೂ ತಿಳಿಯದು. ಕಾಯಿಸಿ ಸಂಸ್ಕರಿಸಿದ ಅಗಸೆ ಎಣ್ಣೆಯನ್ನೋ ಮೇಣ ಬೆರೆತ ಸ್ಪ್ರೇಯನ್ನೋ ಗಾಳಿರಂಧ್ರಗಳ ಮೂಲಕ ಒಳಗೆ ಬಿಟ್ಟು, ಪ್ರತಿ ಕೊಳವೆಯ ಉದ್ದಕ್ಕೂ ಹರಡುವಂತೆ ಫ್ರೇಮನ್ನು ಎಲ್ಲ ದಿಕ್ಕಿಗೂ ತಿರುಗಿಸಿ, ರಾತ್ರಿಯಿಡೀ ತೂಗುಹಾಕಿ ಬಸಿಯಲು ಬಿಡಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಬಾರದು, ಅವು ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲವು. ಬಿಡಿಸಿ ಹರವಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ಫ್ರೇಮಿನ ಜೊತೆ ಒಂದು ಕಾರ್ಡ್ ಹೋಗುತ್ತದೆ. ಷೆಲ್ಲಿನ ಅಡಿಯಲ್ಲಿ ಒತ್ತಿದ ಕ್ರಮಸಂಖ್ಯೆ, ಬಳಸಿದ ಕೊಳವೆಗಳು, ಬಾಟಂ ಬ್ರಾಕೆಟ್ ಮತ್ತು ಹೆಡ್‌ಸೆಟ್ಟಿನ ಮಾದರಿ, ಸೀಟ್‌ಪೋಸ್ಟಿನ ವ್ಯಾಸ, ಆಕ್ಸಲ್ಲಿನ ಅಳತೆ, ಹಿಡಿಸುವ ಗರಿಷ್ಠ ಟೈರ್ ಇವೆಲ್ಲ ಅದರಲ್ಲಿರುತ್ತವೆ. ಹತ್ತು ವರ್ಷದ ನಂತರ ಧಾರವಾಡದ ಮೆಕ್ಯಾನಿಕ್ ಒಬ್ಬರು ಬೇರಿಂಗ್ ಬದಲಿಸಲು ಕುಳಿತಾಗ ಅವರು ಊಹಿಸುತ್ತಾ ಕೂರುವಂತಾಗಬಾರದು. ಸಾಗಿಸುವಾಗ ಡ್ರಾಪೌಟ್‌ಗಳು ಒಳಗೆ ಬಗ್ಗದಂತೆ ನಡುವೆ ಡಮ್ಮಿ ಆಕ್ಸಲ್ ಹಾಕಬೇಕು. ದ್ರವ ಬಣ್ಣ ಬಳಿದ ಫ್ರೇಮ್ ಆದರೆ ಗುಳ್ಳೆ ಪ್ಲಾಸ್ಟಿಕ್ಕನ್ನು ನೇರವಾಗಿ ಸುತ್ತಬಾರದು, ಪೂರ್ತಿ ಗಟ್ಟಿಯಾಗದ ಕ್ಲಿಯರ್ ಕೋಟಿನ (ಬಣ್ಣದ ಮೇಲಿನ ಪಾರದರ್ಶಕ ಲೇಪ) ಮೇಲೆ ಅದರ ಅಚ್ಚು ಮೂಡುತ್ತದೆ. ಜೋಡಿಸುವವರಿಗೆ ಕಾರ್ಡಿನ ಹಿಂಬದಿಯಲ್ಲಿ ಇನ್ನೊಂದು ಸಾಲು ಬರೆದಿರುತ್ತೇನೆ: ಸೈಕಲ್ಲನ್ನು ಎತ್ತಿ ಹಿಡಿಯುವ ಸ್ಟ್ಯಾಂಡಿನ ಹಿಡಿತವನ್ನು ಸೀಟ್‌ಪೋಸ್ಟಿಗೇ ಹಾಕಿ, ಟಾಪ್ ಟ್ಯೂಬಿನ (ಮೇಲಿನ ಅಡ್ಡ ಕೊಳವೆಯ) ನಡುಭಾಗದ ಗೋಡೆ ಅರ್ಧ ಮಿಲಿಮೀಟರಿನಷ್ಟು ತೆಳುವಾಗಿದೆ, ಅಲ್ಲಿ ಬಿಗಿಸಿದರೆ ತಗ್ಗು ಬೀಳುತ್ತದೆ.